ಅಡಿಗೆ ಹನ್ನೆರಡು ಇಂಚು

ನಮ್ಮ ಮನೆಯಲ್ಲಿ ಮದುವೆ ಮಾತು ಮುಗಿದ ಮರುವಾರ ಅಡಿಗೆಯವರು ಬರುತ್ತಾರೆ. ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ಎಷ್ಟು ಜನ, ಎಷ್ಟು ಹೊತ್ತಿನ ಊಟ, ಹೋಳಿಗೆಯೋ ಚಿರೋಟಿಯೋ ಅಂತ ವಿಚಾರಿಸುತ್ತಾರೆ. ಎಲ್ಲ ಆದ ಮೇಲೆ ಅಪ್ಪ ಗಂಟಲು ಸರಿ ಮಾಡಿಕೊಂಡು ಕೇಳುತ್ತಾರೆ: "ಅಂತೂ ಅಡಿಗೆ ಎಷ್ಟು?"

ಆಗ ಮೂಲೆಯ ಆರಾಮ ಕುರ್ಚಿಯಿಂದ ದೊಡ್ಡಪ್ಪನ ದನಿ ಬರುತ್ತದೆ. "ಅಡಿಗೆ ಹನ್ನೆರಡು ಇಂಚು."

ಇದನ್ನು ನಾನು ಐದು ಮದುವೆ, ಎರಡು ಉಪನಯನ, ಒಂದು ಗೃಹಪ್ರವೇಶದಲ್ಲಿ ಕೇಳಿದ್ದೇನೆ. ಅಡಿಗೆಯವರೂ ಅಷ್ಟೇ ಸಲ ಕೇಳಿದ್ದಾರೆ. ಆದರೂ ಪ್ರತಿ ಸಲ ಎಲೆ ಬಾಯಿಗೆ ಇಡುವುದನ್ನು ನಿಲ್ಲಿಸಿ, ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು. ಒಂದು ಸಲ ಹೊಸ ಅಳಿಯ ಒಬ್ಬ ಉತ್ಸಾಹದಲ್ಲಿ ಮಧ್ಯೆ ಬಾಯಿ ಹಾಕಿ, "ಒಟ್ಟು ಖರ್ಚು ಎಷ್ಟಾಗತ್ತೆ?" ಅಂತ ಕೇಳಿಬಿಟ್ಟ. ಅಡಿಗೆಯವರು ಮೊತ್ತ ಹೇಳಿದರು. ವ್ಯವಹಾರ ಮುಗಿಯಿತು. ಕುರ್ಚಿಯಿಂದ ಸದ್ದೇ ಇಲ್ಲ. ನೋಡಿದರೆ ದೊಡ್ಡಪ್ಪ ಮುಖ ಊದಿಸಿಕೊಂಡು ಪೇಪರ್ ಹಿಡಿದು ಕೂತಿದ್ದಾರೆ. ಕೊನೆಗೆ ಅಪ್ಪನೇ ಸೋತು, ಮೊತ್ತ ಗೊತ್ತಿದ್ದೂ ಮತ್ತೆ ಕೇಳಿದರು: "ಅಲ್ಲ, ಅಡಿಗೆ ಎಷ್ಟು ಅಂದಿರಿ?" ಪೇಪರ್ ಕೆಳಗಿಳಿಯಿತು. ಹನ್ನೆರಡು ಇಂಚು ಹೊರಗೆ ಬಂತು.

ಶಾಲೆಯಲ್ಲಿ ನಮಗೆ 'ಅಡುಗೆ' ಅಂತ ಬರೆಯಲು ಕಲಿಸಿದ್ದರು. ದೊಡ್ಡಪ್ಪ ಅದಕ್ಕೆ ಒಪ್ಪುತ್ತಲೇ ಇರಲಿಲ್ಲ. "ಅಡುಗೆ ಅಂತ ಬರೆದರೆ ಇಂಚನ್ನು ಎಲ್ಲಿಂದ ತರೋದು?" ಅನ್ನುತ್ತಿದ್ದರು.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ದೊಡ್ಡಪ್ಪನಿಗೆ ಮೂವರು ಗೆಳೆಯರು. ಊರಿನ ಶಾಲೆಯಲ್ಲಿ ಒಟ್ಟಿಗೆ ಮರಳಿನ ಮೇಲೆ ಅ ಆ ಇ ಈ ತಿದ್ದಿದವರು. ಆ ಅಕ್ಷರಗಳೇ ಕೊನೆಗೆ ಅವರ ಅಡ್ಡಹೆಸರಾದವು. ಒಬ್ಬರು ಮಳೆಯಿರಲಿ ಬಿಸಿಲಿರಲಿ ತಲೆಗೆ ಟವೆಲ್ ಸುತ್ತಿಯೇ ಇರುತ್ತಿದ್ದರು. ಅವರು ತಲೆಕಟ್ಟು. ಇನ್ನೊಬ್ಬರು ಪೇಟೆಗೆ ಹೋಗಿ ಉಪ್ಪು ತಂದ ಕತೆಯನ್ನೂ ಮುಕ್ಕಾಲು ಗಂಟೆ ಎಳೆಯಬಲ್ಲವರು. ಅವರು ದೀರ್ಘ. ದೊಡ್ಡಪ್ಪ ತಮಗೆ ತಾವೇ ಸೊನ್ನೆ ಅಂತ ಇಟ್ಟುಕೊಂಡಿದ್ದರು. ಹೊಟ್ಟೆಗೂ ಹೊಂದುತ್ತಿತ್ತು, ಗಣಿತದ ಅಂಕಕ್ಕೂ ಹೊಂದುತ್ತಿತ್ತು.

ಮೂರನೆಯವರ ಹೆಸರು ಅರ್ಕಾವತ್ತು. ನನ್ನ ಪ್ರಕಾರ ದೊಡ್ಡಪ್ಪನ ಜೀವಮಾನದ ಸಾಧನೆ ಅಂದರೆ ಈ ಹೆಸರೇ. 'ಧರ್ಮ' ಅನ್ನುವಾಗ ರಕಾರವನ್ನು ಮೊದಲು ಹೇಳುತ್ತೇವೆ, ಬರೆಯುವಾಗ ಅದು ಮಕಾರದ ಹಿಂದೆ ಬಂದು ಕೂರುತ್ತದೆ. ಈ ಮನುಷ್ಯರೂ ಹಾಗೆಯೇ. "ನಾಳೆ ಬೆಳಗ್ಗೆ ಐದಕ್ಕೆ ಎಲ್ಲರಿಗಿಂತ ಮೊದಲು ನಾನೇ ಬರ್ತೀನಿ ನೋಡು" ಅಂತ ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. ಎರಡನೇ ಸಲದ ಕಾಫಿ ಲೋಟ ತೊಳೆಯುವ ಹೊತ್ತಿಗೆ ಬಂದು ಸೇರುತ್ತಿದ್ದರು. ಮಾತಿನಲ್ಲಿ ಮುಂದೆ, ಬರುವುದರಲ್ಲಿ ಹಿಂದೆ. ಅವರ ಹೆಂಡತಿಯೂ ಫೋನ್ ಮಾಡಿದರೆ, "ಅರ್ಕಾವತ್ತು ಹೊರಟಾಯ್ತು, ಇನ್ನೊಂದು ಗಂಟೆ ಹಿಡಿಯತ್ತೆ" ಅನ್ನುತ್ತಿದ್ದರು.

ಈ ಮಂಡಳಿಯ ಹಂಗಾಮು ಅಂದರೆ ಕೊನೆಕೊಯ್ಲು. ದೀಪಾವಳಿ ಕಳೆದ ಮೇಲೆ ಮನೆಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ಕೆಂಪಡಿಕೆಗೆ ಹಸಿರು ಕಾಯಿಯನ್ನೇ ಇಳಿಸಬೇಕು. ಇಳಿಸಿದ್ದನ್ನು ಹಾಗೇ ರಾಶಿ ಹಾಕಿ ಬಿಡುವ ಹಾಗಿಲ್ಲ. ಬೇಗ ಸುಲಿದು, ಹಂಡೆಯಲ್ಲಿ ಬೇಯಿಸಿ, ಅಂಗಳದ ಚಪ್ಪರದ ಮೇಲೆ ಒಣಹಾಕಬೇಕು. ಹಾಗಾಗಿ ಸುಲಿಯುವುದು ರಾತ್ರಿಯ ಕೆಲಸ. ಇವತ್ತು ನಮ್ಮಲ್ಲಿ, ನಾಳೆ ಅವರಲ್ಲಿ. ಮುಯ್ಯಾಳು ಲೆಕ್ಕ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ, ಕಾಯಿಯನ್ನು ಅಲಗಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಬಿಡುತ್ತದೆ. ಬೆರಳುಗಳಿಗೆ ಚೊಗರು ಮೆತ್ತಿ ಕಪ್ಪಾಗುತ್ತದೆ. ಕೈ, ಕಾಲು, ಕಣ್ಣು ಮೂರಕ್ಕೂ ಕೆಲಸ ಇದೆ. ಬಾಯಿಗೂ ಕಿವಿಗೂ ಇಲ್ಲ. ಕತೆ ಹುಟ್ಟದೆ ಇನ್ನೇನು ಮಾಡೀತು?

ಆದರೆ ಕತ್ತಿಯ ಎದುರು ಕೂತು ನಗುವುದು ಸುಲಭ ಅಲ್ಲ. ತಲೆಕಟ್ಟು ಅವರ ಎಡ ಹೆಬ್ಬೆರಳಲ್ಲಿ ಒಂದು ಉದ್ದನೆಯ ಗಾಯದ ಗುರುತಿತ್ತು. ದೀರ್ಘ ಅವರು ಎಂದೂ ಇಲ್ಲದೆ ಒಂದು ಕತೆಯನ್ನು ಎರಡೇ ನಿಮಿಷದಲ್ಲಿ ಮುಗಿಸಿದ್ದರಂತೆ. ಯಾರೂ ತಯಾರಾಗಿರಲಿಲ್ಲ. ನಗು ಬಂತು, ಕತ್ತಿ ಕಚ್ಚಿತು. ಅವತ್ತಿಂದ ಒಂದು ನಿಯಮ ಬಂತು. ನಗುವ ಜಾಗ ಹತ್ತಿರ ಬಂದಾಗ ಹೇಳುವವರು ಒಂದು ಸಲ ಕೆಮ್ಮಬೇಕು. ಕೆಮ್ಮು ಕೇಳಿದ ಕೂಡಲೇ ಎಲ್ಲರೂ ಕತ್ತಿಯಿಂದ ಕೈ ತೆಗೆಯುತ್ತಿದ್ದರು. ಹತ್ತು ಹನ್ನೆರಡು ಜನ ಒಮ್ಮೆಗೇ ಕೈ ಮೇಲೆತ್ತಿ, ನಗುವುದಕ್ಕೆ ತಯಾರಾಗಿ ಕಾಯುತ್ತಿದ್ದ ಆ ದೃಶ್ಯವೇ ಅರ್ಧ ನಗು. ನಿಜವಾಗಿ ಶೀತವಾಗಿದ್ದ ವರ್ಷ ದೀರ್ಘ ಅವರು ಯಾರ ಕೆಲಸವನ್ನೂ ಮುಂದುವರಿಯಲು ಬಿಡಲಿಲ್ಲ.

ಅವರ ಪ್ರಸಿದ್ಧ ಕತೆ ಮೈಸೂರು ಭಾವನದು. ಭಾವ ಮದುವೆಯಾದ ಹೊಸತರಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೊರಟಿದ್ದರು. ತಿರುವುಗಳಿಗೆ ಹೊಟ್ಟೆ ತೊಳಸಿ, ಕೆಳಗೆ ಬಸ್ಸು ನಿಂತಾಗ ಪ್ರಾಣ ಅರ್ಧ ಹೋಗಿತ್ತು. ರಸ್ತೆ ಬದಿಯ ಅಂಗಡಿಯವರು "ಬೊಂಡ ಉಂಟು, ಬನ್ನಿ" ಅಂತ ಕರೆದರು.

"ಬಿಸಿ ಇದೆಯಾ?" ಅಂತ ಭಾವ.

"ಬಿಸಿಯಾ? ಒಳ್ಳೆ ತಂಪು ಉಂಟು ಮಾರಾಯ್ರೆ."

"ತಣ್ಣಗಾಗಿದೆಯಾ? ಬೆಳಗ್ಗೆ ಮಾಡಿದ್ದಾ?"

"ಮಾಡೂದಾ? ಈಗಷ್ಟೇ ಮರದಿಂದ ಇಳಿಸಿದ್ದು."

ಇಲ್ಲಿ ಕೆಮ್ಮು. ಕೈಗಳು ಮೇಲೆ. "ಆಗ ನಮ್ಮ ಭಾವ ಏನು ಕೇಳಬೇಕು? ಜೊತೆಗೆ ಚಟ್ನಿ ಕೊಡ್ತೀರಾ ಅಂತ!"

ಕರಾವಳಿಯಲ್ಲಿ ಬೊಂಡ ಅಂದರೆ ಎಳನೀರು ಅನ್ನುವುದನ್ನು ಬಯಲುಸೀಮೆಯವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಈ ಕತೆ ಇರುತ್ತಿರಲಿಲ್ಲ. ಮೊದಮೊದಲು ಭಾವ ಕೋಪ ಮಾಡಿಕೊಳ್ಳುತ್ತಿದ್ದರು. "ಚಟ್ನಿ ಕೇಳಿದ್ದು ಸುಳ್ಳು, ಬಿಸಿ ಇದೆಯಾ ಅಂತ ಮಾತ್ರ ಕೇಳಿದ್ದೆ" ಅನ್ನುತ್ತಿದ್ದರು. ಹತ್ತು ವರ್ಷ ಆದ ಮೇಲೆ ಸುಮ್ಮನಾದರು. ಇಪ್ಪತ್ತು ವರ್ಷ ಆದ ಮೇಲೆ ಒಂದು ಗಣೇಶ ಹಬ್ಬದಲ್ಲಿ ತಾವೇ ಆ ಕತೆ ಹೇಳಿದರು. ಚಟ್ನಿ ಅಲ್ಲದೆ ಎರಡು ಪ್ಲೇಟ್ ಪಾರ್ಸೆಲ್ಲನ್ನೂ ಸೇರಿಸಿದ್ದರು. ದೀರ್ಘ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಕತೆ ಕೈ ತಪ್ಪುತ್ತಿದೆ ಅಂತ ಅವರಿಗೆ ಅವತ್ತೇ ಗೊತ್ತಾಗಿರಬೇಕು.

ಉತ್ತರ ಕರ್ನಾಟಕದ ಸಂಬಂಧ ಬೆಳೆದ ಮೇಲೆ ಇಂಥದೇ ಇನ್ನೊಂದು ಬಂತು. ಧಾರವಾಡದ ಅಳಿಯನನ್ನು ಬೆಳಗ್ಗೆ ಎದ್ದ ಕೂಡಲೇ ನಮ್ಮಮ್ಮ "ತಿಂಡಿ ಆಯ್ತಾ?" ಅಂತ ಕೇಳಿದರು. ಅವನ ಕಡೆ ತಿಂಡಿ ಅಂದರೆ ತುರಿಕೆ, ಕಾಲು ಕೆರೆದು ಜಗಳ ತೆಗೆಯುವ ಚಾಳಿ. ಅವನು ಪಾಪ, "ಇಲ್ರೀ ಅತ್ತಿ, ನನಗೇನೂ ಇಲ್ಲ" ಅಂದ. ಒಂದೇ ಭಾಷೆಯನ್ನು ಇಷ್ಟು ದೊಡ್ಡದಾಗಿ ಹಾಸಿಟ್ಟರೆ ಜನ ಎಡವದೆ ಇರುತ್ತಾರಾ?

ಮಕ್ಕಳಾದ ನಮಗೆ ಸುಲಿಯಲು ಕತ್ತಿ ಕೊಡುತ್ತಿರಲಿಲ್ಲ. ನಿದ್ದೆ ಬಾರದ ಹಾಗೆ ಪದದ ಆಟ ಕೊಡುತ್ತಿದ್ದರು. ಹಿಂದುಮುಂದಾಗಿ ಓದಿದರೂ ಒಂದೇ ಇರುವ ಪದ ಹೇಳಬೇಕು. ಕನ್ನಡದಲ್ಲಿ ಇದಕ್ಕೆ ಇಡೀ ಅಕ್ಷರದ ಲೆಕ್ಕ. ಕೊಂಬು, ಗುಡಿಸು, ದೀರ್ಘ ಎಲ್ಲವೂ ಅಕ್ಷರದ ಜೊತೆಯಲ್ಲೇ ತಿರುಗಬೇಕು. ಕಿಟಕಿ, ಚಮಚ, ಗದಗ ಎಲ್ಲರಿಗೂ ಸಿಗುತ್ತಿತ್ತು. ಸ್ವಲ್ಪ ದೊಡ್ಡವರಿಗೆ ನವಜೀವನ. ಅಕ್ಕ ಎಲ್ಲಿಂದಲೋ 'ಮದ್ರಾಸಿನ ಸಿದ್ರಾಮ' ತಂದು ಒಂದು ವಾರ ಮೆರೆದಳು. ಆಗ ದೊಡ್ಡಪ್ಪ, "ಮದ್ರಾಸಿನ ಸಿದ್ರಾಮ ಇರಲಿ, ಕುಬೇರನಿಗೇನಿರಬೇಕು?" ಅಂತ ಕೇಳಿದರು. ಅವನಿಗೆ ಏನು ಕಡಿಮೆ ಅಂತ ನಾವು ಯೋಚಿಸುತ್ತಾ ಕೂತೆವು. ಪ್ರಶ್ನೆಯೇ ಉತ್ತರ ಅಂತ ಗೊತ್ತಾಗುವಾಗ ಮಾರನೇ ದಿನ ಮಧ್ಯಾಹ್ನ ಆಗಿತ್ತು.

ದೊಡ್ಡಪ್ಪನ ನಿಜವಾದ ಹುಚ್ಚು ಮಾತ್ರ ಅಂಕಿಗಳದು. ಕನ್ನಡದ ಅಂಕಿಗಳಲ್ಲಿ ಅರ್ಧಕ್ಕರ್ಧ ಎರಡು ಕೆಲಸ ಮಾಡುತ್ತವೆ ಅಂತ ಅವರ ವಾದ. ಆರು ಅಂದರೆ ಆರಿಹೋಗು, ಏಳು ಅಂದರೆ ಎದ್ದೇಳು, ಹತ್ತು ಅಂದರೆ ಮೇಲೆ ಹತ್ತು, ಅರೆ ಅಂದರೆ ರುಬ್ಬು. ಬೆಳಗ್ಗೆ "ಏಳು" ಅಂತ ಎಬ್ಬಿಸಿದರೆ ನಾವು ಹೊದಿಕೆಯೊಳಗಿಂದ "ಇನ್ನೂ ಆರು" ಅನ್ನಬೇಕು. ಅವರು "ಹಾಗಾದ್ರೆ ಕಾಫಿಯೂ ಆರು" ಅಂತ ಹೇಳಿ ಹೋಗುತ್ತಿದ್ದರು. ದೊಡ್ಡಮ್ಮ ಕೆಲಸದವಳಿಗೆ "ಚಟ್ನಿ ಅರೆ" ಅಂದರೆ, ಇವರು ಜಗಲಿಯಿಂದಲೇ "ಅರೆ ಯಾಕೆ, ಪೂರ್ತಿಯೇ ಮಾಡಲಿ" ಅನ್ನುವರು. ಅಡಿಗೆಮನೆಗೆ ಅವರು ಇಟ್ಟ ಹೆಸರು ಸಾರಿಗೆ ಸಂಸ್ಥೆ. "ಸಾರಿಗೆ ಉಪ್ಪು ಬಿದ್ದಿಲ್ಲ, ಸಂಸ್ಥೆಗೆ ತಿಳಿಸಿ" ಅಂತ ಊಟದ ಪಂಕ್ತಿಯಿಂದ ದೂರು ಹೋಗುತ್ತಿತ್ತು.

ದೊಡ್ಡಮ್ಮ ಯಾವುದಕ್ಕೂ ನಗುತ್ತಿರಲಿಲ್ಲ. "ಥೂ, ಸಾಕು ಮಾಡಿ" ಅಷ್ಟೇ. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗ ಅಂತ ಒಂದು ಇರುತ್ತದಲ್ಲ. ಅವಧಾನಿ ಪದ್ಯ ಕಟ್ಟುತ್ತಿರುವಾಗ ಒಬ್ಬರು ಸಂಬಂಧವಿಲ್ಲದ ಪ್ರಶ್ನೆ ಕೇಳಿ ಏಕಾಗ್ರತೆ ಕೆಡಿಸಬೇಕು, ಅವಧಾನಿ ಅದಕ್ಕೂ ಚಮತ್ಕಾರವಾಗಿ ಉತ್ತರಿಸಬೇಕು. ನಮ್ಮ ಮನೆಯಲ್ಲಿ ಆ ಖಾತೆ ದೊಡ್ಡಮ್ಮನದು. ನಗುವ ಜಾಗ ಬರುತ್ತಿದೆ, ಕೆಮ್ಮು ಆಗಿದೆ, ಕೈಗಳು ಮೇಲಿವೆ, ಸರಿಯಾಗಿ ಆಗ ಬಾಗಿಲಲ್ಲಿ ನಿಂತು, "ಹಂಡೆ ಒಲೆಗೆ ಸೌದೆ ಒಟ್ಟಿದಿರಾ?" ಅಂತ ಕೇಳುವರು. ಬೇಕೆಂದೇ ಮಾಡುತ್ತಿದ್ದರಾ ಅಂತ ನನಗೆ ಈಗ ಅನುಮಾನ.

ಈ ಚಟ ದೊಡ್ಡಪ್ಪನಿಗೆ ಎಲ್ಲಿಂದ ಅಂಟಿತು ಅಂತ ಹುಡುಕಿದರೆ ಅಟ್ಟಕ್ಕೆ ಹೋಗಬೇಕು. ಅಲ್ಲಿ ಅವರ ಅಪ್ಪ ಕಟ್ಟಿಸಿಟ್ಟ 'ಕೊರವಂಜಿ' ಸಂಚಿಕೆಗಳಿದ್ದವು. ವೈದ್ಯರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಶುರು ಮಾಡಿ 25 ವರ್ಷ ನಡೆಸಿದ ಹಾಸ್ಯ ಮಾಸಿಕ ಅದು. ಆರ್.ಕೆ. ಲಕ್ಷ್ಮಣ್ ತರುಣರಾಗಿದ್ದಾಗ ಅದಕ್ಕೆ ಚಿತ್ರ ಬರೆದಿದ್ದಾರೆ. ದೊಡ್ಡಪ್ಪನ ದೇವರು ಮಾತ್ರ ನಾ. ಕಸ್ತೂರಿ. ಪದಗಳಿಗೆ ಅರ್ಥದ ಬದಲು ಅನರ್ಥ ಕೊಟ್ಟು ಒಂದು ಕೋಶವನ್ನೇ ಮಾಡಿದವರು. ಅವರ ಮನೆಮಾತು ಮಲಯಾಳ. "ಹೊರಗಿಂದ ಬಂದವರಿಗೆ ಮನೆಯ ಬಿರುಕು ಬೇಗ ಕಾಣತ್ತೆ" ಅಂತ ದೊಡ್ಡಪ್ಪ ಹೇಳುತ್ತಿದ್ದರು. ಅದು ಹೊಗಳಿಕೆಯೇ. ಒಂದು ಮಳೆಗಾಲ ಕಳೆದು ಅಟ್ಟ ಹತ್ತಿ ನೋಡಿದರೆ ಅಷ್ಟೂ ಸಂಚಿಕೆ ಪುಡಿಪುಡಿ. ಇಡೀ ದಿನ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಸಾಲು: "ನಾನು ಸೋತೆ, ಗೆದ್ದಲು ಗೆದ್ದಿತು."

ಇನ್ನು ಕಾಲಿನ ಕತೆಗೆ ಬರುತ್ತೇನೆ. ನಾನು ಇಷ್ಟು ಹೊತ್ತು ಸುತ್ತಿದ್ದು ಇದಕ್ಕಾಗಿಯೇ.

ಅವರ ಕಾಲದವರು ಶಾಲೆಯಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದವರು. ಒಂದರಲ್ಲಿ ನಾಲ್ಕನೇ ಒಂದು ಪಾಲು ಕಾಲು. ನಡೆಯುವುದೂ ಕಾಲು. ದೊಡ್ಡಪ್ಪನ ಮಂಡಿ ಹಿಡಿದುಕೊಂಡು ಕೈಗೆ ಬೆತ್ತ ಬಂದ ದಿನ, ಅವರು ಅಂಗಳದಲ್ಲಿ ಒಂದು ಸುತ್ತು ನಡೆದು ಬಂದು ಘೋಷಿಸಿದರು: "ಇಷ್ಟು ದಿನ ಎರಡು ಕಾಲು. ಅಂದ್ರೆ ಬರೀ ಅರ್ಧ ಮನುಷ್ಯ. ಇವತ್ತು ಮುಕ್ಕಾಲು ಆದೆ ಕಣ್ರೋ." ತಲೆಕಟ್ಟು ಅವರು ಟವೆಲ್ ಬಿಚ್ಚಿ ಬೆತ್ತಕ್ಕೆ ಸುತ್ತಿ ಸನ್ಮಾನ ಮಾಡಿದರು.

2011ರ ಜೂನ್ 30ಕ್ಕೆ ನಾಲ್ಕಾಣೆಯ ಚಲಾವಣೆ ನಿಂತಿತು. ಅಂದರೆ 25 ಪೈಸೆ, ಕಾಲು ರೂಪಾಯಿ. ಅರ್ಕಾವತ್ತು ಅವರು ಸುದ್ದಿ ತಂದರು. ಎರಡು ದಿನ ತಡವಾಗಿ ತಂದರು ಅಂತ ಬೇರೆ ಹೇಳಬೇಕಿಲ್ಲ. "ಗೊತ್ತಾಯ್ತಾ, ಇನ್ನು ಕಾಲು ನಡೆಯಲ್ಲವಂತೆ."

ದೊಡ್ಡಪ್ಪ ತಮ್ಮ ಮಂಡಿ ಸವರಿಕೊಂಡರು. "ನಂದು ಹೋದ ವರ್ಷವೇ ನಿಂತಿದೆ. ಸರ್ಕಾರಕ್ಕೆ ಈಗ ಗೊತ್ತಾಯ್ತಾ?"

ಅದಾದ ಎರಡು ವರ್ಷಕ್ಕೆ ಬೆತ್ತವೂ ಸಾಲದಾಯಿತು. ಬೆಂಗಳೂರಿನಿಂದ ನಾನೇ ವಾಕರ್ ತಂದುಕೊಟ್ಟೆ. ಅಲ್ಯೂಮಿನಿಯಂ, ನಾಲ್ಕು ಕಾಲಿನದು. ಕೊಡುವಾಗ ನನಗೆ ಮುಜುಗರ. ಅವರು ಅದನ್ನು ಹಿಡಿದು ನಿಂತು, ಕೆಳಗೆ ನೋಡಿ, ಬೆರಳು ಮಡಚಿ ಎಣಿಸಿದರು. ಅವರದು ಎರಡು, ಅದರದು ನಾಲ್ಕು, ಒಟ್ಟು ಆರು ಕಾಲು. ಮುಖ ಅರಳಿತು. "ಒಂದೂವರೆ!" ಅಂದರು. "ಈ ಮನೇಲಿ ನೀವೆಲ್ಲ ಅರ್ಧರ್ಧ. ನಾನೊಬ್ಬನೇ ಒಂದೂವರೆ."

ಈ ಕತೆಯನ್ನು ನಾನು ಆಫೀಸಿನ ಊಟದ ಮೇಜಿನಲ್ಲಿ ಒಂದು ಸಲ ಹೇಳಿದೆ. ಹೇಳಬಾರದಿತ್ತು. ಎಲ್ಲರೂ ಕನ್ನಡದವರೇ. ಆದರೂ ಮುಕ್ಕಾಲು ಅಂದರೆ ಎಪ್ಪತ್ತೈದು ಪರ್ಸೆಂಟ್ ಅಂತ ಬಿಡಿಸಬೇಕಾಯಿತು. ಒಬ್ಬ ಹುಡುಗ ಸ್ವಲ್ಪ ಯೋಚಿಸಿ, "ಓ, ಕಾಲು ಅಂದ್ರೆ ಕ್ವಾರ್ಟರ್!" ಅಂದ. ಅಲ್ಲಿಂದ ಮಾತು ಬೇರೆ ಕಡೆಗೆ ಹೋಯಿತು. ನನಗೆ ಬೇಜಾರಾಯಿತು, ಆದರೆ ಅವರ ಮೇಲಲ್ಲ. ಅಂಗಡಿಯಲ್ಲಿ ನಾನೇ ಕಾಲು ಕೆಜಿ ಕೇಳದೆ ಎಷ್ಟು ವರ್ಷವಾಯಿತು? 250 ಗ್ರಾಂ ಅಂತಲೇ ಹೇಳುತ್ತೇನೆ. ಗ್ರಾಮಿಗೆ ಕಾಲಿಲ್ಲ. ಊರಲ್ಲೂ ಈಗ ಸುಲಿಯುವುದಕ್ಕೆ ಯಂತ್ರ ಬಂದಿದೆ. ಒಳ್ಳೆಯದೇ, ಬೆರಳು ಉಳಿದಿವೆ, ನಿದ್ದೆ ಉಳಿದಿದೆ. ಆದರೆ ಅದರ ಸದ್ದಿನಲ್ಲಿ ಮಾತಾಡಬೇಕಾದರೆ ಕೂಗಬೇಕು. ಬೊಂಡದ ಕತೆಯನ್ನಾದರೂ ಕೂಗಿ ಹೇಳಬಹುದು. ಶ್ಲೇಷೆಗೆ ಆ ಧೈರ್ಯ ಇಲ್ಲ. ಎದುರಿನವರು "ಆಂ? ಏನು?" ಅಂತ ಒಂದು ಸಲ ಕೇಳಿದರೆ ಮುಗಿಯಿತು, ಸತ್ತೇ ಹೋಗುತ್ತದೆ.

ದೊಡ್ಡಪ್ಪ ಹೋದದ್ದು ಒಂದು ಆಷಾಢದಲ್ಲಿ. ಜೋರು ಮಳೆ. ತೋಟದ ಆಚೆಯ ದಿಬ್ಬದ ಮೇಲೆ, ತಗಡಿನ ಮಾಡಿನ ಕೆಳಗೆ ಎಲ್ಲ ಮುಗಿಯುತ್ತಾ ಬಂದಿತ್ತು. ಆಗ ಛತ್ರಿ ಹಿಡಿದುಕೊಂಡು, ಕೆಸರಲ್ಲಿ ಜಾರುತ್ತಾ, ಅರ್ಕಾವತ್ತು ಬಂದರು. ಯಾರೂ ಏನೂ ಅನ್ನಲಿಲ್ಲ. ಅವರು ಉರಿಯನ್ನು ನೋಡುತ್ತಾ ತುಂಬಾ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಕೇಳಿದರು, "ಹೊತ್ತವರು ಎಷ್ಟು ಜನ?"

"ನಾಲ್ಕು" ಅಂದೆ.

"ಎಂಟು ಕಾಲು" ಅಂದರು.

ತಲೆಕಟ್ಟು ಅವರ ಟವೆಲ್ ಅವತ್ತು ತಲೆಯ ಮೇಲಿರಲಿಲ್ಲ. ದೀರ್ಘ ಅವರು ಒಂದು ಸಲ ಕೆಮ್ಮಿದರು. ಬೇಕೆಂದು ಕೆಮ್ಮಿದ್ದೋ, ಹೊಗೆಗೋ ಗೊತ್ತಿಲ್ಲ. ನನ್ನ ಎರಡೂ ಕೈ ತಾವಾಗಿ ಸ್ವಲ್ಪ ಮೇಲೆದ್ದವು. "ಎರಡು" ಅಂತ ದೀರ್ಘ ಅವರು ಹೇಳಿ ಮುಗಿಸಿದರು.

ಹೋದ ವರ್ಷ ತಂಗಿಯ ಮಗಳ ಮದುವೆ ಮಾತು ಮುಗಿಯಿತು. ಅಡಿಗೆಯವರು ಬಂದರು. ಈಗ ಹಳಬರ ಮಗ, ಮೊಬೈಲಲ್ಲಿ ಮೆನು ತೋರಿಸುತ್ತಾನೆ. ಪನೀರ್ ಬೇಕಾ ಬೇಡವಾ ಅಂತ ಅರ್ಧ ಗಂಟೆ ಚರ್ಚೆ. ಎಲ್ಲ ಆದ ಮೇಲೆ ಅಪ್ಪ ಅಭ್ಯಾಸಬಲದಿಂದ ಗಂಟಲು ಸರಿ ಮಾಡಿಕೊಂಡರು. "ಅಂತೂ ಅಡಿಗೆ ಎಷ್ಟು?"

ಜಗಲಿಯಲ್ಲಿ ಹತ್ತು ಜನ ಇದ್ದೆವು. ಹತ್ತೂ ಜನ ಸುಮ್ಮನಾದೆವು. ಯಾರೂ ಕುರ್ಚಿಯ ಕಡೆ ನೋಡಲಿಲ್ಲ. ನನ್ನ ನಾಲಿಗೆ ತುದಿಗೆ ಬಂದಿತ್ತು, ಆದರೆ ನನ್ನದಲ್ಲದ ಅಂಗಿ ಹಾಕಿಕೊಂಡ ಹಾಗೆ ಅನ್ನಿಸಿ ನುಂಗಿಕೊಂಡೆ. ಹುಡುಗನಿಗೆ ಏನೂ ಅರ್ಥವಾಗದೆ ಕ್ಯಾಲ್ಕುಲೇಟರ್ ತೆಗೆದ.

ಒಳಗೆ ಸಾರಿಗೆ ಸಂಸ್ಥೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಅಡಿಗೆ ಹದಿಮೂರು ಇಂಚು" ಅಂತ ದೊಡ್ಡಮ್ಮನ ದನಿ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷ ಕಿವಿಗೇ ಹಾಕಿಕೊಳ್ಳದಿದ್ದರೆ ಹೀಗೇ ಆಗುವುದು, ಅಲ್ವಾ? ತಂಗಿ ಮೆಲ್ಲಗೆ ತಿದ್ದಲು ನೋಡಿದಳು. "ದೊಡ್ಡಮ್ಮ, ಅದು ಹನ್ನೆರಡು."

"ಅದು ಅವರ ಕಾಲದಲ್ಲಿ" ಅಂದರು ದೊಡ್ಡಮ್ಮ, ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದು. "ಈಗ ಎಲ್ಲದಕ್ಕೂ ರೇಟ್ ಜಾಸ್ತಿ ಆಗಿದೆ."